ಬೆಚ್ಚಗಿದ್ದ ಎಂಜಿನ್

ಏಲ್ಸುಮ್ ಬಂದರಿನಲ್ಲಿ ಹಳೆಯ ದೋಣಿಯ ಎಂಜಿನ್ನಿಗೆ ಬೆಲೆ ಕಟ್ಟಬೇಕೆಂದರೆ ಲೋಲ್ಕೆ ವೀರ್ದಾನನ್ನು ಬಿಟ್ಟು ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಹಾಯಿದೋಣಿಗೆ ಎಂಜಿನ್ ಯಾಕೆ ಅನ್ನುವವರು ಈ ಫ್ರೀಸ್ಲ್ಯಾಂಡ್ ಸೀಮೆಯ ಕಾಲುವೆಗಳಲ್ಲಿ ಎದುರುಗಾಳಿಗೆ ಸಿಕ್ಕಿ ಒದ್ದಾಡಿದವರಲ್ಲ, ಬಿಡಿ. ದೋಣಿಯ ಮೈ ಎಷ್ಟೇ ಫಳಫಳ ಹೊಳೆಯುತ್ತಿರಲಿ, ಹೊಟ್ಟೆಯೊಳಗಿನ ಎಂಜಿನ್ ಸವೆದು ಹೋಗಿದ್ದರೆ ಬೆಲೆ ಅರ್ಧಕ್ಕೆ ಬಂತು ಅಂತಲೇ ಲೆಕ್ಕ.

ಲೋಲ್ಕೆಯ ಪರೀಕ್ಷೆ ಊರಿಗೆಲ್ಲ ಗೊತ್ತಿತ್ತು. ಸವೆದ ಡೀಸೆಲ್ ಎಂಜಿನ್ ಚಳಿಯಲ್ಲಿ ಸುಲಭಕ್ಕೆ ಏಳುವುದಿಲ್ಲ. ಕೆಮ್ಮುತ್ತದೆ, ನೀಲಿ ಹೊಗೆ ಕಾರುತ್ತದೆ, ಹತ್ತು ಸಲ ಗೋಗರೆಸುತ್ತದೆ. ಆದರೆ ಒಮ್ಮೆ ಬೆಚ್ಚಗಾಯಿತೋ, ಹೊಸ ಮದುಮಗನ ಹಾಗೆ ಠೀವಿಯಿಂದ ಗುಡುಗುಟ್ಟುತ್ತದೆ. ಅದಕ್ಕೇ ಕೊಳ್ಳುವವರು ಬರುವ ಮೊದಲೇ ಮಾರುವವರು ಅದನ್ನು ಗುಟ್ಟಾಗಿ ಓಡಿಸಿ ಬಿಸಿ ಮಾಡಿ ಇಟ್ಟಿರುತ್ತಾರೆ. ಲೋಲ್ಕೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬರುತ್ತಿದ್ದ. ನಮಸ್ಕಾರ, ಚಮತ್ಕಾರ ಏನೂ ಇಲ್ಲ; ಸೀದಾ ಒಳಗಿಳಿದು, ಮೆಟ್ಟಿಲಿನ ಕೆಳಗಿನ ಮುಚ್ಚಳ ತೆಗೆದು, ಎಂಜಿನ್ ಮೇಲೆ ಅಂಗೈ ಇಡುವುದು. ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ. ಅವನು ಹಾಗೆ ತುಟಿ ಪಿಟಕ್ಕೆನ್ನದೆ ನಡೆದುಹೋದ ದೋಣಿಯನ್ನು ಆ ವರ್ಷ ಯಾರೂ ಮೂಸುತ್ತಿರಲಿಲ್ಲ.

ಈ ಕೆಲಸಕ್ಕೆ ಅವನು ದುಡ್ಡು ಮುಟ್ಟಿದವನಲ್ಲ. ಒಂದು ಕಪ್ ಕಾಫಿ, ಅದರ ಜೊತೆ ಒಂದೇ ಒಂದು ಬಿಸ್ಕತ್ತು, ಅಷ್ಟೆ. ಎಳೆಯ ವಯಸ್ಸಿನಲ್ಲಿ ಒಮ್ಮೆ ಬೆಚ್ಚಗಿದ್ದ ಎಂಜಿನ್ನಿಗೆ ಮರುಳಾಗಿ, 'ತಗೊಳ್ಳಿ, ಚೆನ್ನಾಗಿದೆ' ಎಂದು ಸ್ವಂತ ಸೋದರಮಾವನಿಗೇ ದೋಣಿ ಕೊಡಿಸಿದ್ದ. ಆ ಮಾವ ಡಿಸೆಂಬರಿನ ಗಾಳಿಯಲ್ಲಿ ಕೆರೆಯ ನಡುವೆ ಎಂಜಿನ್ ಏಳದೆ ಸಿಕ್ಕಿಬಿದ್ದು, ಬೆರಳೆಲ್ಲ ಮರಗಟ್ಟಿಸಿಕೊಂಡು ಬಂದು, ಅಳಿಯನ ಮುಖವನ್ನೇ ನೋಡದಾದ. ಅಂದಿನಿಂದ ಲೋಲ್ಕೆ ತನ್ನ ಅಂಗೈ ಹೇಳಿದ್ದನ್ನು ಬಿಟ್ಟು ಯಾರ ಬಾಯಿಮಾತನ್ನೂ ನಂಬಲಿಲ್ಲ. ಕ್ರಮೇಣ ಅದೇ ಅವನ ಜಂಭವೂ ಆಯಿತು. ಬಂದರು ಸಮಿತಿಗೂ ಅವನನ್ನೇ ಸೇರಿಸಿಕೊಂಡರು. 'ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದೋಣಿಯಲ್ಲಿ ಯಾರೂ ರಾತ್ರಿ ತಂಗಕೂಡದು' ಎಂಬ ಫಲಕವನ್ನು ಬಂದರಿನ ಬಾಗಿಲಿಗೆ ಮೊಳೆ ಹೊಡೆದು ನಿಲ್ಲಿಸಿದವನೂ ಅವನೇ. ಯಾರೋ ಕುಡುಕ ಗ್ಯಾಸ್ ಒಲೆ ಹಚ್ಚಿಕೊಂಡು ಮಲಗಿ ಬೆಂಕಿ ಬಿದ್ದಿತ್ತು, ಹಾಗಾಗಿ ನಿಯಮ. ಲೋಲ್ಕೆಗೆ ನಿಯಮವೆಂದರೆ ನಿಯಮ. ಹಾಗೆ ನೋಡಿದರೆ ಕೆಟ್ಟವನಲ್ಲ. ಸರಿ ಅನ್ನುವುದು ಸದಾ ತನ್ನ ಕಡೆಗೇ ಇರುತ್ತದೆ ಎಂದು ನಂಬಿದವನು, ಅಷ್ಟೆ. ಅಂಥವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಅವನ ಹೆಂಡತಿ ರಿನ್ಸ್ಕೆಯನ್ನು ಕೇಳಬೇಕು.

ಗಿಲ್ಡರ್ ಎಂಬ ಹಳೆಯ ನಾಣ್ಯ ಇನ್ನೂ ಚಲಾವಣೆಯಲ್ಲಿದ್ದ ಕಾಲ ಅದು. ಆ ವರ್ಷ ಮಾರ್ಚಿನಲ್ಲಿ ಬೌಕ್ಯೆ ತನ್ನ ದೋಣಿ ಮಾರಲು ಹೊರಟಳು. ಬೌಕ್ಯೆಯ ಗಂಡ ಗೊಸ್ಸೆ ದೋಣಿಗಳಿಗೆ ದಾರಿಬಿಡಲು ಊರ ಸೇತುವೆ ಎತ್ತುವ ಕೆಲಸದವನು. ಕೋಲಿನ ತುದಿಗೆ ಕಟ್ಟಿದ ಮರದ ಚಪ್ಪಲಿಯನ್ನು ದೋಣಿಯವರ ಮೂಗಿನ ಮುಂದೆ ತೂಗಿಬಿಟ್ಟು, 'ಹಾಕಿ ಸ್ವಾಮಿ ಕಾಸು' ಎಂದು ನಗುನಗುತ್ತಾ ಸುಂಕ ಎತ್ತುತ್ತಿದ್ದವನು. ಹೋದ ಬೇಸಿಗೆಯಲ್ಲಿ ಸೇತುವೆಯ ಮೇಲೆಯೇ ಎದೆ ಹಿಡಿದುಕೊಂಡು ಕುಸಿದ. ಸೇತುವೆ ಪಕ್ಕದ ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಯೇ ಹೋಯಿತು. ಬೌಕ್ಯೆ ಶರತ್ಕಾಲದಲ್ಲಿ ಮನೆ ಖಾಲಿ ಮಾಡಿದಳು. 'ತಂಗಿ ಮನೇಲಿದೀನಿ' ಎಂದು ಎಲ್ಲರಿಗೂ ಹೇಳಿದಳು. ಪಟ್ಟಣದಲ್ಲಿ ಅವಳಿಗೊಂದು ಸಣ್ಣ ಬಾಡಿಗೆ ಮನೆ ಏಪ್ರಿಲಿಗೆ ಕೊಡುವುದಾಗಿ ಕೊನೆಗೂ ಉತ್ತರ ಬಂದಿತ್ತು. ಅಲ್ಲಿ ಬಾಡಿಗೆ ಮನೆಯೆಂದರೆ ಬರೀ ಗೋಡೆ. ನೆಲಕ್ಕೆ ಹಾಸು, ಕಿಟಕಿಗೆ ಪರದೆ, ಅಡುಗೆ ಒಲೆ ಎಲ್ಲ ಹೋಗುವವರೇ ಹೊಂದಿಸಿಕೊಳ್ಳಬೇಕು. ದೋಣಿ ಮಾರಿದರೆ ನೆಲಕ್ಕೆ ಹಾಸು. ಇಲ್ಲದಿದ್ದರೆ ಬರಿಯ ಸಿಮೆಂಟಿನ ಮೇಲೆ ಸಂಸಾರ. ಇದು ಲೋಲ್ಕೆಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಕೊಳ್ಳಲು ಬಂದವನು ಖ್ರೋನಿಂಗೆನ್ ಕಡೆಯ ದನದ ಡಾಕ್ಟರು, ಮಾರ್ನಿಕ್ಸ್ ಎಂಬ ಎಳೆಯ ವಯಸ್ಸಿನವನು. ಅವನಿಗೆ ದೋಣಿ ಮನಸ್ಸಿಗೆ ಬಂದಿತ್ತು. 'ಎಂಜಿನ್ ವಿಷಯ ಲೋಲ್ಕೆ ಅವರು ಒಂದು ಮಾತು ಹೇಳಿಬಿಡಲಿ, ತಗೊಂಡುಬಿಡ್ತೀನಿ' ಎಂದಿದ್ದ. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಎಂದು ಮಾತಾಗಿತ್ತು.

ಲೋಲ್ಕೆ ಹತ್ತು ಗಂಟೆಗೇ ಹೊರಟ. ನೀರಿನಂಚಿನಲ್ಲಿ ಬಂದರಿನ ಮುದುಕರು ಕೂತು ಹರಟುವ ಬೆಂಚೊಂದಿತ್ತು. ಸುಳ್ಳಿನ ಬೆಂಚು ಎಂದೇ ಅದಕ್ಕೆ ಹೆಸರು. ಹಾಯಿ ಹೊಲಿಯುತ್ತಿದ್ದ ಫೊಪ್ಪೆ ಅಲ್ಲಿಂದಲೇ ಕೂಗಿದ:

"ಏನೋ ಲೋಲ್ಕೆ, ಇವತ್ತು ಯಾರ ಎಂಜಿನ್ನಿನ ಹೆಣ ಎತ್ತೋಕೆ ಹೊರಟೆ?"

"ನಿನ್ನ ಬಾಯಿ ಎಂಜಿನ್ ಕೆಡೋವರೆಗೂ ನನಗೆ ಬಿಡುವಿಲ್ಲ ಬಿಡು," ಎಂದ ಲೋಲ್ಕೆ. ಬೆಂಚು ನಕ್ಕಿತು.

ದೋಣಿಯ ಮೇಲೆ ಅವನ ಹೆಜ್ಜೆ ಸದ್ದಾದದ್ದೇ ಬೌಕ್ಯೆ ಒಳಗಿಂದ ದಡಬಡಿಸಿ ತಲೆ ಹೊರಗೆ ಹಾಕಿದಳು. ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡಿದ್ದಳು. ಮುಖ ಕೆಂಪಗಾಗಿತ್ತು.

"ಹನ್ನೊಂದು ಅಂದಿದ್ದೆಯಲ್ಲೋ! ಇಷ್ಟು ಬೇಗ..."

"ನನ್ನ ಹನ್ನೊಂದು ಹತ್ತಕ್ಕೇ ಹೊಡೆಯುತ್ತೆ. ನಿನಗೆ ಗೊತ್ತಿಲ್ವಾ?"

ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು ಅವರಿಬ್ಬರು. ಗೊಸ್ಸೆ ಅವನ ಹಳೆಯ ಸ್ನೇಹಿತ. ಈ ದೋಣಿಯಲ್ಲಿ ಮೂವರೂ ಎಷ್ಟೋ ಸಲ ಹೋದವರು. ಲೋಲ್ಕೆ ಒಳಗೆ ಇಳಿದು ಮುಚ್ಚಳ ತೆಗೆದು ಅಂಗೈ ಇಟ್ಟ. ಎಂಜಿನ್ ಬೆಚ್ಚಗಿತ್ತು. ಇನ್ನೊಂದು ಕಡೆ ಇಟ್ಟು ನೋಡಿದ. ಅಲ್ಲೂ ಬೆಚ್ಚಗೆ, ಹಸುವಿನ ಹೊಟ್ಟೆಯ ಹಾಗೆ.

ಬೇರೆಯವರ ದೋಣಿಯಾಗಿದ್ದರೆ ಟೋಪಿ ಹಾಕಿಕೊಂಡು ಹೊರಟಿರುತ್ತಿದ್ದ. ಇಲ್ಲಿ ಹೊರಡಲಿಲ್ಲ, ಅದೇ ಅವನ ಕರ್ಮ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಬೌಕ್ಯೆ, ನನ್ನ ಬೌಕ್ಯೆ, ಗೊಸ್ಸೆಯ ಹೆಂಡತಿ, ನನ್ನ ಕಣ್ಣಿಗೇ ಮಣ್ಣೆರಚುವುದಾ! ಮೇಲೆ ಬಂದು ಕೂತ. ಅವಳು ಕಾಫಿ ತಂದಿಟ್ಟಳು. ಮುಟ್ಟಲಿಲ್ಲ. ಮಾರ್ನಿಕ್ಸ್ ಬರುವವರೆಗೂ ಹಾಗೇ ಕೂತಿದ್ದು, ಅವನು ದೋಣಿಗೆ ಕಾಲಿಟ್ಟ ಕೂಡಲೇ, ಸುಳ್ಳಿನ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದ:

"ಡಾಕ್ಟರೇ, ಈ ಎಂಜಿನ್ನಿಗೆ ಗುಜರಿ ಬೆಲೆಗಿಂತ ಒಂದು ಕಾಸು ಜಾಸ್ತಿ ಕೊಡಬೇಡಿ. ಬಿಸಿ ಮಾಡಿಟ್ಟಿದಾಳೆ."

ಮಾರ್ನಿಕ್ಸ್ ಬೌಕ್ಯೆಯ ಮುಖ ನೋಡಿದ. ಬೌಕ್ಯೆ ಲೋಲ್ಕೆಯ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ತಲೆಯ ವಸ್ತ್ರವನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಅದರಂಚಿನಿಂದ ಒಂದು ಹನಿ ನೀರು ಕುತ್ತಿಗೆಗೆ ಇಳಿಯಿತು. ಪಾಪ, ಬೆವೆತಿದ್ದಾಳೆ, ಸಿಕ್ಕಿಬಿದ್ದೆನಲ್ಲಾ ಅಂತ ಬೆವೆತಿದ್ದಾಳೆ ಎಂದುಕೊಂಡ ಲೋಲ್ಕೆ.

"ಹೌದು," ಅಂದಳು ಬೌಕ್ಯೆ. "ನಾನೇ ಓಡಿಸಿಟ್ಟೆ. ಸುಲಭಕ್ಕೆ ಸ್ಟಾರ್ಟ್ ಆಗ್ಲಿ ಅಂತ."

"ಗೊಸ್ಸೆ ಇದ್ದಿದ್ರೆ ಇಂಥ ಕೆಲಸ ಮಾಡ್ತಿರಲಿಲ್ಲ," ಎಂದ ಲೋಲ್ಕೆ.

ಮಾರ್ನಿಕ್ಸ್ 'ನೋಡೋಣ, ಯೋಚನೆ ಮಾಡಿ ಹೇಳ್ತೀನಿ' ಎಂದು ಗೊಣಗಿ ಕಾರು ಹತ್ತಿದ. ಲೋಲ್ಕೆ ಬೆಂಚಿನ ಮುಂದೆ ಹಾದುಹೋಗುವಾಗ ಯಾರೂ ಚೇಷ್ಟೆ ಮಾಡಲಿಲ್ಲ. ಫೊಪ್ಪೆ ಮಾತ್ರ, "ಬೌಕ್ಯೆನೂ ಹೀಗಾ?" ಎಂದು ತಲೆಯಾಡಿಸಿದ. ಆ ಮಾತು ಕತ್ತಲಾಗುವುದರೊಳಗೆ ಊರೆಲ್ಲ ಸುತ್ತುತ್ತದೆ ಎಂದು ಲೋಲ್ಕೆಗೆ ಗೊತ್ತಿತ್ತು. ಸುತ್ತಲಿ ಎಂದುಕೊಂಡ.

ಮನೆಯಲ್ಲಿ ರಿನ್ಸ್ಕೆ ಬಟಾಣಿ ಸೂಪು ಬಡಿಸಿದಳು. ಲೋಲ್ಕೆ ಚಮಚ ಕೈಗೆತ್ತಿಕೊಳ್ಳುವ ಮೊದಲೇ ಶುರು ಮಾಡಿದ.

"ನಿನ್ನ ಗೆಳತಿ ಏನ್ಮಾಡಿದ್ಲು ಗೊತ್ತೇನೇ? ಎಂಜಿನ್ ಬಿಸಿ ಮಾಡಿಟ್ಟಿದ್ಲು! ನನ್ನ ಹತ್ರ! ಅದೂ ಈಗ ಮಾಡಿದ್ದಲ್ಲ, ಬೆಳಕು ಹರಿಯೋ ಹೊತ್ತಿಗೇ ಓಡಿಸಿ ನಿಲ್ಲಿಸಿದಾಳೆ. ಹನ್ನೊಂದರೊಳಗೆ ಮೇಲೆ ಆರಿ, ಒಳಗೆ ಬಿಸಿ ಉಳಿಯುತ್ತೆ ಅಂದ್ಕೊಂಡಿರಬೇಕು. ಕಬ್ಬಿಣ ಅಷ್ಟು ಬೇಗ ಆರುತ್ತಾ?"

ರಿನ್ಸ್ಕೆಯ ಕೈ ಸೌಟಿನ ಮೇಲೆ ನಿಂತಿತು. "ಎಲ್ಲರ ಮುಂದೆ ಹೇಳಿದ್ಯಾ?"

"ಹೇಳದೆ? ಅವಳೇ ಒಪ್ಪಿಕೊಂಡ್ಲು. ಮುಖ ಕೆಂಪಗಾಗಿ, ತಲೆಯೆಲ್ಲ ಒದ್ದೆ. ಒಳಗೆ ನೋಡಿದ್ರೆ ಒಂದು ಟವೆಲ್ಲೂ ಒದ್ದೆ, ಸೋಪಿನ ವಾಸನೆ ಘಮ್ಮಂತಿದೆ. ಈ ಚಳೀಲಿ ದೋಣಿಯಲ್ಲಿ ಯಾರು ಸ್ನಾನ..."

ಮಾತು ಅಲ್ಲಿಗೇ ನಿಂತಿತು. ಗೊಸ್ಸೆಯ ದೋಣಿಯಲ್ಲಿ ಎಂಜಿನ್ ಓಡಿದರೆ ನೀರಿನ ತೊಟ್ಟಿ ಬಿಸಿಯಾಗುತ್ತದೆ. ಆ ಕೊಳವೆ ಜೋಡಿಸಿದವನು ಲೋಲ್ಕೆಯೇ. ಬಂದರಿನ ಸ್ನಾನದ ಮನೆಗೆ ಏಪ್ರಿಲ್‌ವರೆಗೆ ಬೀಗ. ಬೀಗದ ಕೈ ಸಮಿತಿಯ ಹತ್ತಿರ. ದೋಣಿ ನೋಡಲು ಜನ ಬರುತ್ತಾರೆಂದು ಅವಳು ತಲೆಗೆ ನೀರು ಹಾಕಿಕೊಂಡಿದ್ದಳು, ಅಷ್ಟೆ. ಒಳಗಿನ ಹಾಸಿಗೆಯ ಮೇಲೆ ಹೊದಿಕೆ ಅಚ್ಚುಕಟ್ಟಾಗಿ ಮಡಿಚಿಟ್ಟಿತ್ತು, ಕಿಟಕಿಯಲ್ಲಿ ಒಂದು ಹೂಕುಂಡ ಇತ್ತು; ಅದೆಲ್ಲ ಈಗ ಒಂದೊಂದಾಗಿ ಕಣ್ಣ ಮುಂದೆ ಬಂತು.

"ಎಷ್ಟು ದಿನದಿಂದ?" ಎಂದು ಕೇಳಿದ.

"ಮನೆ ಬಿಟ್ಟಾಗಿನಿಂದ. ತಂಗಿ ಮನೇಲಿ ಎರಡು ವಾರ ಇದ್ಲು, ಅಲ್ಲಿ ಆಗ್ಲಿಲ್ಲ."

"ಚಳಿಗಾಲ ಪೂರ್ತಿ?"

"ಪೂರ್ತಿ."

"ನಿನಗೆ ಗೊತ್ತಿತ್ತಾ?"

"ನಮ್ಮ ಹೆಂಗಸರಿಗೆಲ್ಲ ಗೊತ್ತು. ಅವಳ ಬಟ್ಟೆ ಒಗೆಯೋದು ಇಲ್ಲೇ, ನೀನು ಕೆಲಸಕ್ಕೆ ಹೋದ ಮೇಲೆ. ನಮ್ಮ ತಂತಿ ಮೇಲೆ ಹೂವಿನ ದುಪ್ಪಟಿ ಒಣಗ್ತಿತ್ತಲ್ಲ, ಒಂದು ದಿನವಾದ್ರೂ ಯಾರದ್ದು ಅಂತ ಕೇಳಿದ್ಯಾ?"

ಅವನು ಕೇಳಿರಲಿಲ್ಲ. ಇಡೀ ಊರಿನ ಎಂಜಿನ್ನುಗಳ ಒಳಹೊರಗು ಬಲ್ಲವನಿಗೆ ತನ್ನ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದುದು ಕಾಣಿಸಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

ರಿನ್ಸ್ಕೆಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವಳು ಸಾವಧಾನವಾಗಿಯೇ ಹೇಳಿದಳು: "ಹೇಳಿದ್ರೆ ಏನ್ಮಾಡ್ತಿದ್ದೆ ನೀನು?"

ಏನು ಮಾಡುತ್ತಿದ್ದೆ ಎಂದು ಲೋಲ್ಕೆಗೆ ಚೆನ್ನಾಗಿ ಗೊತ್ತಿತ್ತು. ಬೇಜಾರು ಮಾಡಿಕೊಳ್ಳುತ್ತಿದ್ದ, ನಾಲ್ಕು ದಿನ ಊಟ ಸೇರುತ್ತಿರಲಿಲ್ಲ, ಆಮೇಲೆ ಸಮಿತಿಗೆ ಹೋಗಿ ಹೇಳುತ್ತಿದ್ದ. ಆ ಕ್ಷಣ ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಅವಳನ್ನು ಮೋಸಗಾತಿ ಎಂದದ್ದಕ್ಕೆ ಒಂದು ಪಾಲು. ಚಳಿಗಾಲವಿಡೀ ಮನೆಯೊಳಗೇ ತನ್ನನ್ನು ಹೊರಗಿಟ್ಟಿದ್ದರಲ್ಲ, ಇಟ್ಟದ್ದು ಸರಿಯಾಗಿಯೂ ಇತ್ತಲ್ಲ, ಅದಕ್ಕೆ ಮೂರು ಪಾಲು. ಸೂಪು ಆರಿ ಮೇಲೆ ಕೆನೆ ಕಟ್ಟಿತು.

"ಹೋಗಿ ಕ್ಷಮಿಸು ಅಂತೀನಿ," ಎಂದು ಎದ್ದ.

"ಕೂತ್ಕೋ. ಅವಳು ಯಾಕೆ ಒಪ್ಪಿಕೊಂಡ್ಲು ಅಂತ ಇನ್ನೂ ತಿಳೀಲಿಲ್ವಾ ನಿನಗೆ? ಮೋಸ ಮಾಡಿದ್ಲು ಅಂತ ಊರು ಆಡಿಕೊಂಡ್ರೂ ಪರವಾಗಿಲ್ಲ, ದಿಕ್ಕಿಲ್ಲದೆ ದೋಣೀಲಿ ಮಲಗ್ತಾಳೆ ಅನ್ನೋದು ಬೇಡ ಅಂತ. ನೀನು ಹೋಗಿ ನಿಂತ್ರೆ ನಿನಗೆ ಗೊತ್ತಾಯ್ತು ಅಂತ ಅವಳಿಗೆ ತಿಳಿಯುತ್ತೆ."

ಎರಡು ದಿನ ಲೋಲ್ಕೆ ಬಂದರಿನ ಕಡೆ ತಲೆ ಹಾಕಲಿಲ್ಲ. ಬೇಕರಿಯಲ್ಲಿ ಸಕ್ಕರೆ ಬ್ರೆಡ್ಡು ಕಟ್ಟಿಕೊಡುತ್ತಿದ್ದವಳು, 'ಬೌಕ್ಯೆ ವಿಷಯ ಕೇಳಿದ್ವಿ, ಛೆ' ಎಂದಾಗ ಬ್ರೆಡ್ಡು ಅಲ್ಲೇ ಬಿಟ್ಟು ಬಂದ. ಸೋಮವಾರ ಒಂದು ಉಪಾಯ ಹೊಳೆಯಿತು. ಹೊಳೆದಾಗ ಬಲು ಚೆನ್ನಾಗಿದೆ ಅನ್ನಿಸಿತು. ರಿನ್ಸ್ಕೆಗೂ ಹೇಳದೆ ಮಾರ್ನಿಕ್ಸ್‌ಗೆ ಫೋನ್ ಮಾಡಿದ.

"ಡಾಕ್ಟರೇ, ತಪ್ಪು ನಂದು. ಆ ಎಂಜಿನ್ ಬೆಳಗ್ಗೆ ನಾನೇ ಓಡಿಸಿದ್ದೆ. ಆಯಿಲ್ ನೋಡೋಕೆ. ಆಮೇಲೆ ಮರೆತೇಬಿಟ್ಟೆ. ವಯಸ್ಸು ನೋಡಿ."

"ಆದ್ರೆ ಆಯಮ್ಮನೇ ಒಪ್ಪಿಕೊಂಡ್ರಲ್ಲ?"

"ನನ್ನ ಮರ್ಯಾದೆ ಹೋಗ್ಬಾರ್ದು ಅಂತ ಒಪ್ಪಿಕೊಂಡ್ಲು. ಅಂಥವಳು ಅವಳು. ಈ ಶನಿವಾರ ಇನ್ನೊಂದ್ಸಲ ಬನ್ನಿ."

"ಅಯ್ಯೋ, ನಾನೂ ಆಯಮ್ಮನ್ನ ಏನೇನೋ ಅಂದ್ಕೊಂಡೆ," ಎಂದ ಮಾರ್ನಿಕ್ಸ್.

ಲೋಲ್ಕೆ ಅಲ್ಲಿಂದ ಸೀದಾ ಸುಳ್ಳಿನ ಬೆಂಚಿಗೆ ಹೋಗಿ ಅದನ್ನೇ ಹೇಳಿದ. ಆ ಬೆಂಚಿನ ಆಯುಷ್ಯದಲ್ಲಿ ಅಂಥ ನಗು ಎದ್ದಿರಲಾರದು. "ಸ್ವಂತ ಕೈಯಲ್ಲೇ ಬಿಸಿ ಮಾಡಿ, ಸ್ವಂತ ಕೈಯಲ್ಲೇ ಹಿಡಿದ್ನಂತೆ!" ಎಂದು ಫೊಪ್ಪೆ ಹೊಟ್ಟೆ ಹಿಡಿದುಕೊಂಡ. "ಇನ್ನು ಮೇಲೆ ಎಂಜಿನ್ ಬಿಡು, ನಿನ್ನ ಹಣೆ ಮುಟ್ಟಿ ನೋಡ್ಕೋ ಮಾರಾಯ!" ಲೋಲ್ಕೆ ಟೋಪಿ ಕೈಯಲ್ಲಿ ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಪ್ರತಿ ಮಾತಿಗೂ ಎದೆ ಸ್ವಲ್ಪ ಹಗುರಾಗುತ್ತಿತ್ತು. ಸಾಲ ತೀರಿತು ಎಂದೇ ಅವನು ತಿಳಿದ. ಪೆದ್ದ.

ಶನಿವಾರ ಅವನು ಹೇಳಿದ ಹೊತ್ತಿಗೆ ಸರಿಯಾಗಿ, ಮಾರ್ನಿಕ್ಸ್ ಜೊತೆಯಲ್ಲೇ ದೋಣಿ ಹತ್ತಿದ. ಮಾರ್ನಿಕ್ಸ್ ಬೌಕ್ಯೆಯ ಕೈ ಕುಲುಕಿದ. "ಲೋಲ್ಕೆ ಅವರು ಎಲ್ಲ ಹೇಳಿದ್ರು. ತಾವೇ ಓಡಿಸಿ ಮರೆತರಂತೆ. ನೀವು ಅದನ್ನ ಮೈಮೇಲೆ ಹಾಕ್ಕೊಂಡ್ರಲ್ಲ, ಎಂಥ ದೊಡ್ಡ ಮನಸ್ಸು!"

ಬೌಕ್ಯೆಯ ಮುಖದ ಬಣ್ಣ ಇಳಿದುಹೋಯಿತು. ಲೋಲ್ಕೆಯತ್ತ ಒಮ್ಮೆ ನೋಡಿ, ತಕ್ಷಣ ಒಳಗಿನ ಹಾಸಿಗೆಯತ್ತ ನೋಡಿದಳು. ಅಲ್ಲಿ ಇವತ್ತು ಹೊದಿಕೆ ಇರಲಿಲ್ಲ, ಹೂಕುಂಡವೂ ಇರಲಿಲ್ಲ. ಓಡಿಸದ ಮನುಷ್ಯ ಓಡಿಸಿದೆ ಅಂದರೆ, ಓಡಿಸಿದವಳಿಗೆ ಅದರ ಅರ್ಥ ತಿಳಿಯದೇ ಇರುತ್ತದೆಯೇ? ಇಷ್ಟು ಸಣ್ಣ ವಿಷಯ ಲೋಲ್ಕೆಯ ತಲೆಗೆ ಹೊಳೆದಿರಲಿಲ್ಲ.

ಅಂಗೈ ಇಟ್ಟ. ಎಂಜಿನ್ ಮಂಜುಗಡ್ಡೆಯಂತಿತ್ತು. ಹಿಡಿ ತಿರುಗಿಸಿದ. ಒಮ್ಮೆ ಕೆಮ್ಮಿತು, ನಿಂತಿತು. ಇನ್ನೊಮ್ಮೆ ಕೆಮ್ಮಿ ಹೊಗೆ ಕಾರಿ ನಿಂತಿತು. ತೋಳು ಬಿದ್ದುಹೋಗುವ ಹೊತ್ತಿಗೆ ಅಂತೂ ಎದ್ದು, ಬಹಳ ಹೊತ್ತು ನೀಲಿ ಹೊಗೆ ಬಿಟ್ಟು, ಆಮೇಲೆ ಒಂದು ಹದಕ್ಕೆ ಬಂತು. ಸವೆದಿತ್ತು, ಅದರಲ್ಲಿ ಸುಳ್ಳಿಲ್ಲ. ಜೋಪಾನವಾಗಿ ನೋಡಿಕೊಂಡರೆ ಇನ್ನು ಎರಡು ಬೇಸಿಗೆ, ಹೆಚ್ಚೆಂದರೆ ಮೂರು.

"ಹೇಗಿದೆ?" ಎಂದ ಮಾರ್ನಿಕ್ಸ್.

"ಪರವಾಗಿಲ್ಲ. ಚೆನ್ನಾಗೇ ಇದೆ," ಎಂದ ಲೋಲ್ಕೆ, ಕಣ್ಣು ಎಂಜಿನ್ ಮೇಲಿಟ್ಟು. "ಅವಳು ಕೇಳಿದ ಬೆಲೆ ಕೊಡಬಹುದು. ಇನ್ನು ಹತ್ತು ವರ್ಷ..."

"ಲೋಲ್ಕೆ," ಎಂದಳು ಬೌಕ್ಯೆ. ದನಿ ಎತ್ತಲಿಲ್ಲ. "ಎಷ್ಟಿದೆಯೋ ಅಷ್ಟು ಹೇಳು."

ಅವನ ಕಿವಿ ಸುಟ್ಟಂತಾಯಿತು. ಬದುಕಿನಲ್ಲಿ ಮೊದಲ ಸಲ ಎಂಜಿನ್ ವಿಷಯದಲ್ಲಿ ಸುಳ್ಳು ಹೇಳಲು ಹೊರಟಿದ್ದ, ಅದನ್ನೂ ಅವಳೇ ಹಿಡಿದಳು. ತೊದಲುತ್ತಾ ಇದ್ದದ್ದು ಹೇಳಿದ: ಎರಡು ಬೇಸಿಗೆ, ಎಂಜಿನ್ನಿಗೆ ಕೇಳಿದ್ದರ ಅರ್ಧ. ಮಾರ್ನಿಕ್ಸ್ ಒಪ್ಪಿದ. ದೋಣಿಯನ್ನು ಏಪ್ರಿಲಿನಲ್ಲಿ ಬಂದು ಒಯ್ಯುವುದೆಂದು ಮಾತಾಯಿತು. ಅವಳ ಕೈಗೆ ನೋಟುಗಳನ್ನು ಕೊಟ್ಟು, ಕಾಫಿ ಕುಡಿದು, ಸಂತೋಷದಿಂದ ಹೊರಟುಹೋದ. ಅರ್ಧ ಕಡಿಮೆಯಾದರೂ ನೆಲದ ಹಾಸಿನ ಖರ್ಚಿಗೆ ಸಾಕಾಗುತ್ತಿತ್ತು. ಪರದೆಗೆ ಸಾಲುತ್ತಿರಲಿಲ್ಲವೇನೋ.

ಇಬ್ಬರೇ ಉಳಿದರು. ಲೋಲ್ಕೆ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. ಏನಾದರೂ ಅನ್ನಲಿ, ಬೈಯಲಿ, ಕಾಫಿ ಮುಖಕ್ಕೆರಚಲಿ ಎಂದು ಕಾದ. ಶಾಲೆಯಲ್ಲಿದ್ದಾಗ ಒಂದು ಸಲ ಅವಳ ಜಡೆ ಎಳೆದದ್ದಕ್ಕೆ ಸ್ಲೇಟಿನಿಂದ ತಲೆಗೆ ಹೊಡೆದಿದ್ದಳು. ಆ ಬೌಕ್ಯೆಯನ್ನೇ ಅವನು ಕಾಯುತ್ತಿದ್ದ.

"ರಿನ್ಸ್ಕೆ ಹೇಳಿದ್ಲಾ?" ಎಂದು ಕೇಳಿದಳು.

"ಇಲ್ಲ. ಅವಳು ಬಾಯಿ ಬಿಟ್ಟಿಲ್ಲ. ನನಗೇ... ಟವೆಲ್ ನೋಡಿ..."

"ಹೂಂ."

ನೋಟುಗಳನ್ನು ಮಡಿಚಿದಳು. ಆಮೇಲೆ ಅವಳು ಅವನ ಹತ್ತಿರ ಬಂದು, ಹೊರಗೆ ಬೆಂಚಿನವರಿಗೆ ಕೇಳಿಸದ ಹಾಗೆ, ಅವನು ಎಂದೂ ಕೇಳಿರದ ದನಿಯಲ್ಲಿ ಹೇಳಿದಳು:

"ಸಮಿತಿಗೆ ಹೇಳ್ಬೇಡ್ವೋ ಲೋಲ್ಕೆ. ಏಪ್ರಿಲ್ ಬರೋವರೆಗೆ ಅಷ್ಟೆ. ಒಲೆ ಹಚ್ಚಲ್ಲ, ದೀಪನೂ ಹಚ್ಚಲ್ಲ. ನಿನ್ನ ಕಾಲು ಹಿಡ್ಕೋತೀನಿ."

"ಛೆ, ಛೆ, ಬೌಕ್ಯೆ, ನಾನು ಹೇಳ್ತೀನಾ..."

"ಆಣೆ ಇಡು."

ಆಣೆ ಇಟ್ಟ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಮನೆಗೆ ಬಂದಾಗ ರಿನ್ಸ್ಕೆ ಏನಾಯಿತೆಂದು ಕೇಳಿದಳು. ದೋಣಿ ಮಾರಾಟವಾಯಿತು, ಎಂಜಿನ್ನಿಗೆ ಅರ್ಧ ಬೆಲೆ ಬಂತು ಎಂದ. "ಬೌಕ್ಯೆ ಏನಂದ್ಲು?" ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದು ಹೇಳಿ, ಲೋಲ್ಕೆ ಕೈ ತೊಳೆಯಲು ಒಳಗೆ ಹೋಗಿ, ಬಿಸಿನೀರಿನ ನಲ್ಲಿ ತಿರುಗಿಸಿಟ್ಟು ಬಹಳ ಹೊತ್ತು ಅಲ್ಲೇ ನಿಂತ.